ಚರದ ಬೆಲೆ ತೋರಿಸುವ ಡೀಬಗರ್‌ಗೆ ಏಜೆಂಟ್ ಓದುವಂಥ ವಿವರಣೆ

ಗಣಿತ, ಸಮಾಜ ವಿಜ್ಞಾನದ ಪಾಠಗಳಿಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆಯುವ ಪ್ರಶಿಕ್ಷಣಾರ್ಥಿಗಳು ದೋಷ ಹುಡುಕುವ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗೆ ವಹಿಸಬಹುದು. ಕೊಟ್ಟ ಸಾಧನಗಳನ್ನು ತಾನೇ ಬಳಸಿ, ಬಂದ ಫಲಿತಾಂಶ ನೋಡಿ ಮುಂದಿನ ಹೆಜ್ಜೆ ಇಡುವ, ಪ್ರೋಗ್ರಾಂನ ಸಾಲನ್ನೂ ತಿದ್ದಬಲ್ಲ ವ್ಯವಸ್ಥೆಯೇ ಏಜೆಂಟ್. ಹೊಸ ಸಾಧನವೊಂದನ್ನು ಹೇಗೆ ಬಳಸಬೇಕೆಂದು ಅದು ತಿಳಿಯುವುದು ಮುಖ್ಯವಾಗಿ ನಾವು ಬರೆದ ವಿವರಣೆಯಿಂದ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಪ್ರತಿ ಸಾಧನಕ್ಕೂ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಇವುಗಳಿಗೆ ಜಾಗವಿದೆ.

ಡೀಬಗರ್ ಎಂದರೆ ನಡೆಯುತ್ತಿರುವ ಪ್ರೋಗ್ರಾಂ ಅನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಹೊತ್ತಿಗೆ ಚರಗಳಲ್ಲಿ (ವೇರಿಯೇಬಲ್‌ಗಳಲ್ಲಿ) ಏನಿದೆ ಎಂದು ನೋಡುವ ಸಾಧನ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಥಾನಿ’ಯಲ್ಲಿ ಬೆಲೆಗಳು ಪಕ್ಕದ ಕಿಟಕಿಯಲ್ಲಿ ಬದಲಾಗುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಪೈಥಾನ್ ಜೊತೆಗೇ ಬರುವ ‘ಪಿಡಿಬಿ’ಯಲ್ಲಿ ಕಿಟಕಿಯಿಲ್ಲ; ಪ್ರಶ್ನೆಗೊಂದು ಸಾಲು ಉತ್ತರ. ಏಜೆಂಟ್‌ಗೆ ಸಿಗುವುದು ಸಾಮಾನ್ಯವಾಗಿ ಇಂಥ ಸಾಲೇ. ಕಣ್ಣಿಗೆ ಕಾಣುತ್ತಿದ್ದುದನ್ನೆಲ್ಲ ಅದಕ್ಕೆ ಮಾತಿನಲ್ಲಿ ಹೇಳಬೇಕಾಗುತ್ತದೆ.

ಬಾದಾಮಿ ಸುತ್ತಲಿನ ಶಾಲೆಗೆ ಒಪ್ಪುವ ಉದಾಹರಣೆ ತೆಗೆದುಕೊಳ್ಳೋಣ. ಬಾದಾಮಿಯ ಬಂಡೆ ಶಾಸನ ಶಕವರ್ಷ 465ರದು, ಮೂರನೆಯ ಗುಹೆಯ ಶಾಸನ 500ರದು, ಐಹೊಳೆಯ ಮೇಗುತಿ ಶಾಸನ 556ರದು. 78 ಕೂಡಿಸಿದರೆ ಕ್ರಿ.ಶ. 543, 578, 634. ಪ್ರೋಗ್ರಾಂ ಸುತ್ತಿಗೊಂದರಂತೆ ಪಟ್ಟಿಯ ಸಂಖ್ಯೆಯನ್ನು ‘ಶಕ’ ಎಂಬ ಚರಕ್ಕೆ ತುಂಬುತ್ತದೆ; ಮುಂದಿನ ಸಾಲಿನಲ್ಲಿ ಅದಕ್ಕೆ 78 ಕೂಡಿಸಿ ‘ಇಸವಿ’ಯಲ್ಲಿ ಇಡುತ್ತದೆ.

ಎರಡನೆಯ ಸುತ್ತಿನಲ್ಲಿ, ಕೂಡಿಸುವ ಸಾಲಿನ ಮೇಲೆ ನಿಲ್ಲಿಸಿ ಕೇಳಿದರೆ ‘ಶಕ’ 500, ‘ಇಸವಿ’ 543 ಎಂದು ಬರುತ್ತದೆ. 500ಕ್ಕೆ 78 ಕೂಡಿಸಿದರೆ 543 ಹೇಗಾದೀತು? ಪ್ರೋಗ್ರಾಂನಲ್ಲಿ ತಪ್ಪೇನೂ ಇಲ್ಲ. ಡೀಬಗರ್ ತೋರಿಸುತ್ತಿರುವುದು ಮುಂದೆ ನಡೆಯಲಿರುವ ಸಾಲನ್ನು. ಅದು ಇನ್ನೂ ನಡೆದಿಲ್ಲ. 543 ಹಿಂದಿನ ಸುತ್ತಿನದು. ಮೊದಲ ಸುತ್ತಿನಲ್ಲೇ ಕೇಳಿದ್ದರೆ ‘ಇಸವಿ ಎಂಬ ಹೆಸರೇ ಇಲ್ಲ’ ಎಂಬ ದೋಷ ಸೂಚನೆ ಬರುತ್ತಿತ್ತು. ‘ಚರದ ಬೆಲೆ ತೋರಿಸುತ್ತದೆ’ ಎಂದಷ್ಟೇ ಬರೆದ ವಿವರಣೆಯನ್ನು ನಂಬಿದ ಏಜೆಂಟ್ ಸರಿಯಿರುವ ಸಾಲನ್ನೇ ತಿದ್ದಿಬಿಡಬಹುದು. ಆ ಪ್ರೋಗ್ರಾಂ ಮರುದಿನ ತರಗತಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ವಿವರಣೆಯಲ್ಲಿ ಮೊದಲು ಬರಬೇಕಾದ ವಾಕ್ಯ ಇದೇ: ಯಾವ ಕ್ಷಣದ ಬೆಲೆ?

ಇನ್ನು ಬೆಲೆಯೇ ಇಲ್ಲದ ಪ್ರಸಂಗ. ಮಹಾಕೂಟದ ಸ್ತಂಭ ಶಾಸನವನ್ನು (ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ) ಪಟ್ಟಿಗೆ ಸೇರಿಸಹೊರಟರೆ ತೊಡಕು. ಅದರಲ್ಲಿ ಶಕವರ್ಷವಿಲ್ಲ; ಮಂಗಲೇಶನ ಆಳ್ವಿಕೆಯ ಐದನೆಯ ವರ್ಷ, ಸಿದ್ಧಾರ್ಥಿ ಸಂವತ್ಸರ, ವೈಶಾಖ ಹುಣ್ಣಿಮೆ ಎಂದಿದೆ. ವಿದ್ವಾಂಸರು ಅದನ್ನು 595–96 ಎಂದೂ 602 ಎಂದೂ ಲೆಕ್ಕ ಹಾಕಿದ್ದಾರೆ. ಪಟ್ಟಿಯಲ್ಲಿ ಅದರ ಜಾಗಕ್ಕೆ 0 ಇಟ್ಟರೆ ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ಕ್ರಿ.ಶ. 78 ಎನ್ನುತ್ತದೆ, ಬಾದಾಮಿ ಚಾಲುಕ್ಯರು ಹುಟ್ಟುವುದಕ್ಕೂ ಶತಮಾನಗಳ ಹಿಂದೆ! ಪೈಥಾನ್‌ನ ‘ನನ್’ ಇಟ್ಟರೆ ಕೂಡಿಸುವಾಗ ದೋಷ ತೋರಿಸಿ ನಿಲ್ಲುತ್ತದೆ, ಅದೇ ಒಳ್ಳೆಯದು. ಆದರೆ ಪಿಡಿಬಿಯಲ್ಲಿ ಚರದ ಹೆಸರನ್ನಷ್ಟೇ ಬರೆದರೆ ‘ನನ್’ ಇದ್ದಾಗ ಏನೂ ಮೂಡುವುದಿಲ್ಲ. ‘ಪಿ’ ಆಜ್ಞೆ ಕೊಟ್ಟು ಕೇಳಿದರೆ ಮಾತ್ರ ಕಾಣುತ್ತದೆ. ಆದ್ದರಿಂದ ಸೊನ್ನೆ, ‘ನನ್’, ಇನ್ನೂ ಹುಟ್ಟದ ಹೆಸರು ಈ ಮೂರಕ್ಕೂ ಸಾಧನ ಏನೇನು ಉತ್ತರ ಕೊಡುತ್ತದೆ ಎಂದು ಬಿಡಿಸಿ ಬರೆಯಬೇಕು. ಮಹಾಕೂಟಕ್ಕೆ ಶಕವರ್ಷ ಏಕಿಲ್ಲ ಎಂಬುದು ಮಾತ್ರ ಸಾಧನದ ವಿವರಣೆಗೆ ಸೇರಿದ್ದಲ್ಲ. ಅದು ಪ್ರೋಗ್ರಾಂನ ಟಿಪ್ಪಣಿಯಲ್ಲಿರಬೇಕು.

ಸಣ್ಣ ಎಚ್ಚರಿಕೆಗಳು ಎರಡಿವೆ. ‘ಎನ್’ ಎಂಬ ಚರ ನಮ್ಮ ಗಣಿತ ಪ್ರೋಗ್ರಾಂಗಳಲ್ಲಿ ಸಾಮಾನ್ಯ. ಅದರ ಬೆಲೆ ನೋಡಲೆಂದು ಪಿಡಿಬಿಯಲ್ಲಿ ಬರೀ ‘ಎನ್’ ಒತ್ತಿದರೆ ಅದು ‘ಮುಂದಿನ ಸಾಲಿಗೆ ಹೋಗು’ ಎಂಬ ಆಜ್ಞೆಯಾಗುತ್ತದೆ. ಮತ್ತೊಂದು, ‘ಪಿ’ ಕೇವಲ ನೋಡುವ ಆಜ್ಞೆಯಲ್ಲ, ಕೊಟ್ಟ ಪದೋಕ್ತಿಯನ್ನು ನಡೆಸಿಯೂ ನೋಡುತ್ತದೆ. ಪಟ್ಟಿಯ ಕೊನೆಯದನ್ನು ತೆಗೆಯುವ ‘ಪಾಪ್’ ಅನ್ನು ಅದರಲ್ಲಿ ಬರೆದರೆ ಪಟ್ಟಿಯಿಂದ ಒಂದು ಶಾಸನವೇ ಕಾಣೆ.

ಇವನ್ನೆಲ್ಲ ಸೇರಿಸಿ ‘ಚರ ನೋಡು’ ಎಂಬ ಸಾಧನಕ್ಕೆ ಬರೆಯಬಹುದಾದ ವಿವರಣೆ ಹೀಗಿದೆ:

“ಪ್ರೋಗ್ರಾಂ ನಿಂತಿರುವಾಗ ಮಾತ್ರ ಬಳಸಿ. ಒಂದು ಚರದ ಹೆಸರು ಕೊಡಿ. ಪದೋಕ್ತಿ, ಫಂಕ್ಷನ್ ಕರೆ ಬೇಡ. ಬೆಲೆಯೂ ಅದರ ಬಗೆಯೂ ಬರುತ್ತವೆ: ಸಂಖ್ಯೆ 465, ಪಠ್ಯ ‘465’ ಬೇರೆ ಬೇರೆ. ತೋರಿಸಿದ ಸಾಲು ಇನ್ನೂ ನಡೆದಿಲ್ಲ. ಆ ಸಾಲಿನಲ್ಲಿ ಬದಲಾಗುವ ಚರದ ಹೊಸ ಬೆಲೆ ಬೇಕಿದ್ದರೆ ಒಂದು ಹೆಜ್ಜೆ ನಡೆಸಿ ಮತ್ತೆ ಕೇಳಿ. ‘ಹೆಸರಿಲ್ಲ’ ಎಂದು ಬಂದರೆ ಆ ಚರಕ್ಕೆ ಇನ್ನೂ ಬೆಲೆ ಕೊಟ್ಟಿಲ್ಲ, ಅಥವಾ ಅದು ಬೇರೆ ಫಂಕ್ಷನ್ ಒಳಗಿದೆ. ಈ ಸಾಧನ ಏನನ್ನೂ ಬದಲಿಸುವುದಿಲ್ಲ.”

ಕೊನೆಯ ವಾಕ್ಯ ನಿಜವಾಗಬೇಕಾದರೆ ಹೆಸರನ್ನಲ್ಲದೆ ಬೇರೇನು ಕೊಟ್ಟರೂ ಸಾಧನ ನಿರಾಕರಿಸುವಂತೆ ಬರೆದಿರಬೇಕು. ವಿವರಣೆ ಸಾಕೇ ಎಂದು ಪರೀಕ್ಷಿಸಲು ಎರಡನೆಯ ಸುತ್ತಿನ ಅದೇ ಸಾಲಿನಲ್ಲಿ ಪ್ರೋಗ್ರಾಂ ನಿಲ್ಲಿಸಿ, “ಇಲ್ಲಿ ದೋಷವಿದೆಯೇ?” ಎಂದು ಏಜೆಂಟ್‌ನ್ನು ಕೇಳಿ. ಅದು ಒಂದು ಹೆಜ್ಜೆ ನಡೆಸಿ, 578 ನೋಡಿ, ಇಲ್ಲ ಎನ್ನಬೇಕು.