ಕಾಯಿಲೆಗಿಂತ ಮೊದಲೇ ಹುಟ್ಟುವ ಪ್ರತಿಕಾಯಗಳು

ರೋಗಾಣುಗಳನ್ನು ಗುರುತಿಸಿ ಅಂಟಿಕೊಳ್ಳಬೇಕಾದ ಪ್ರತಿಕಾಯವೆಂಬ ಪ್ರೋಟೀನು ದೇಹದ ಸ್ವಂತ ಅಂಶಗಳಿಗೇ ಅಂಟಿಕೊಂಡರೆ ಅದು ಸ್ವಪ್ರತಿಕಾಯ ಎನಿಸಿಕೊಳ್ಳುತ್ತದೆ. ಚರ್ಮ, ಕೀಲು, ಮೂತ್ರಪಿಂಡಗಳನ್ನು ಬಾಧಿಸುವ ಲೂಪಸ್ ರೋಗದಲ್ಲಿ ಇವುಗಳ ಮುಖ್ಯ ಗುರಿ ಜೀವಕೋಶದ ಕೇಂದ್ರವೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ರೋಗಿಗಳ ಅಸ್ಥಿಮಜ್ಜೆಯಲ್ಲಿ ವಿಚಿತ್ರವಾದ ಬಿಳಿ ರಕ್ತಕಣಗಳನ್ನು ಕಂಡರು. ಮತ್ತೊಂದು ಕೋಶದ ಕೇಂದ್ರವನ್ನು ನುಂಗಿದ್ದ ಆ ಕಣಗಳ ಒಡಲನ್ನು ನುಣುಪಾದ ಉಂಡೆಯೊಂದು ತುಂಬಿಕೊಂಡು, ಅವುಗಳ ಸ್ವಂತ ಕೇಂದ್ರವನ್ನು ಅಂಚಿಗೆ ಒತ್ತರಿಸಿತ್ತು. ಇಂಥ ರೋಗಿಗಳ ರಕ್ತದಲ್ಲಿ ಡಿಎನ್‌ಎಗೇ ಅಂಟುವ ಪ್ರತಿಕಾಯಗಳಿವೆಯೆಂದು 1957ರಲ್ಲಿ ಹಲವು ಪ್ರಯೋಗಾಲಯಗಳು ಪ್ರತ್ಯೇಕವಾಗಿ ತೋರಿಸಿದವು.

ಆದರೆ ಕೋಶದ ಒಳಗೆ ಭದ್ರವಾಗಿರುವ ಡಿಎನ್‌ಎ, ಪ್ರತಿಕಾಯ ತಯಾರಿಸುವ ಬಿ ಕೋಶಗಳ ಕಣ್ಣಿಗೆ ಬೀಳುವುದು ಹೇಗೆ? ಇಡೀ ವಿಷಯದ ಗಂಟು ಇಲ್ಲಿದೆ, ಅದನ್ನು ಬಿಡಿಸಿದ್ದು ಕೋಶಗಳ ಸಾವಿನ ಅಧ್ಯಯನ. ಅತಿನೇರಳೆ ಕಿರಣ ತಾಗಿದ ಚರ್ಮದ ಕೋಶಗಳು ಸಾಯುವಾಗ ಅವುಗಳ ಮೈಮೇಲೆ ಗುಳ್ಳೆಗಳೆದ್ದು, ಒಳಗಿದ್ದ ಕೇಂದ್ರದ ಅಂಶಗಳು ಆ ಗುಳ್ಳೆಗಳಲ್ಲಿ ಗುಂಪುಗೂಡುತ್ತವೆಂಬುದನ್ನು 1994ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು ತೋರಿಸಿದರು. ಬಿಸಿಲು ಲೂಪಸ್ಸನ್ನು ಕೆರಳಿಸುವುದೇಕೆ ಎಂಬುದಕ್ಕೂ ಇದರಿಂದ ಸುಳಿವು ಸಿಕ್ಕಿತು. ಸತ್ತ ಕೋಶಗಳು ಆರೋಗ್ಯವಂತರಲ್ಲಿ ಬೇಗನೆ ತೆರವಾಗುತ್ತವೆ. ತೆರವಿಗೆ ನೆರವಾಗುವ ಸಿ1ಕ್ಯೂ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಬಹುಪಾಲು ಜನರಿಗೆ, ಅಂಥವರು ತೀರ ವಿರಳವಾದರೂ, ಲೂಪಸ್ ಅಥವಾ ಅದನ್ನು ಹೋಲುವ ರೋಗ ಬರುತ್ತದೆ. ತೆರವಾಗದೆ ಉಳಿದ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ಬಿ ಕೋಶ ಒಳಗೆಳೆದುಕೊಂಡಾಗ, ವೈರಸ್ ಮುಂತಾದ ರೋಗಾಣುಗಳನ್ನು ಪತ್ತೆಹಚ್ಚುವ ಟಿಎಲ್‌ಆರ್-7, ಟಿಎಲ್‌ಆರ್-9 ಎಂಬ ಗ್ರಾಹಕಗಳು ಅವನ್ನೇ ವೈರಸ್ಸೆಂದು ಬಗೆದು ಎಚ್ಚರಗೊಳ್ಳುತ್ತವೆ. ಇಂಟರ್‌ಫೆರಾನ್ ಎಂಬ ರಾಸಾಯನಿಕ ಸಂದೇಶ ಆ ಉರಿಗೆ ತುಪ್ಪ ಸುರಿಯುತ್ತದೆ, ಟಿ ಕೋಶಗಳ ನೆರವು ಸಿಕ್ಕಿದ ಮೇಲೆ ಪ್ರತಿಕಾಯಗಳು ಹಂತಹಂತವಾಗಿ ಹರಿತಗೊಳ್ಳುತ್ತವೆ. ಟಿಎಲ್‌ಆರ್-7ರ ಜೀನು, ಮಹಿಳೆಯರಲ್ಲಿ ಎರಡಿರುವ ಎಕ್ಸ್ ವರ್ಣತಂತುವಿನಲ್ಲಿದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರೇ ಆಗಿರುವುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಲಾಗಿದೆ.

ಇದೆಲ್ಲ ಎಷ್ಟು ನಿಧಾನವಾಗಿ ನಡೆಯುತ್ತದೆಂಬುದು ತಿಳಿದದ್ದು 2003ರಲ್ಲಿ. ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ಸೀರಂ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿಭಾಗವನ್ನು, ವರ್ಷಗಟ್ಟಲೆ ಶೀತಲೀಕರಿಸಿ ಕಾಪಿಟ್ಟಿತ್ತು. ಮುಂದೆ ಲೂಪಸ್ ಪತ್ತೆಯಾದ 130 ಮಂದಿಯ ಹಳೆಯ ಮಾದರಿಗಳನ್ನು ಪರೀಕ್ಷಿಸಿದಾಗ, 115 ಮಂದಿಯಲ್ಲಿ ರೋಗ ಪತ್ತೆಯಾಗುವ ಮೊದಲೇ ಸ್ವಪ್ರತಿಕಾಯಗಳಿದ್ದವು, ಒಂದು ಪ್ರಕರಣದಲ್ಲಂತೂ 9 ವರ್ಷಕ್ಕೂ ಮೊದಲು. ಕೇಂದ್ರವಿರೋಧಿ ಪ್ರತಿಕಾಯಗಳು, ಅಂದರೆ ಎಎನ್‌ಎ, ಮೊದಲು ಬಂದರೆ, ಡಿಎನ್‌ಎ ವಿರೋಧಿಗಳು ಆಮೇಲೆ, ಎಸ್‌ಎಂ ಎಂಬ ಕೇಂದ್ರದ ಪ್ರೋಟೀನಿನ ವಿರೋಧಿಗಳು ರೋಗ ಸಮೀಪಿಸಿದಾಗ ಕಾಣಿಸಿಕೊಂಡಿದ್ದವು.

ಹಾಗೆಂದು ಎಎನ್‌ಎ ಇರುವವರೆಲ್ಲ ಲೂಪಸ್‌ನ ದಾರಿಯಲ್ಲಿದ್ದಾರೆಂದು ಭಾವಿಸುವುದು ತಪ್ಪು. ಸೀರಮ್ಮನ್ನು 80 ಪಟ್ಟು ತೆಳುವಾಗಿಸಿ ನೋಡಿದರೂ ಆರೋಗ್ಯವಂತರಲ್ಲಿ ಸುಮಾರು ಶೇ 13ರಷ್ಟು ಮಂದಿಯಲ್ಲಿ ಅದು ಸಿಗುತ್ತದೆ. ಲ್ಯಾಬ್ ವರದಿಯಲ್ಲಿ ಪಾಸಿಟಿವ್ ಎಂಬ ಒಂದೇ ಪದ ಕಂಡು ಯಾರೂ ಕಂಗೆಡಬೇಕಾಗಿಲ್ಲ. ಕೀಲುನೋವು, ಮುಖದ ಕೆಂಪು ಗಂದೆ, ಮೂತ್ರದಲ್ಲಿ ಪ್ರೋಟೀನು ಇವೆಯೇ ಎಂದು ವೈದ್ಯರು ನೋಡಿದ ಮೇಲೆಯೇ ಆ ಪದಕ್ಕೆ ಅರ್ಥ ಬರುತ್ತದೆ.