ಕದಲದ ಕಿಟಕಿ

ಯುದ್ಧದ ಕೊರತೆಯ ನಡುವೆ, 1944ರಲ್ಲಿ, ಜಪಾನಿನ ಸರ್ಕಾರಿ ರೈಲ್ವೆಯವರು ‘63’ ಎಂಬ ಮಾದರಿಯ ವಿದ್ಯುತ್ ರೈಲುಗಾಡಿಯನ್ನು ನಿರ್ಮಿಸತೊಡಗಿದರು. 20 ಮೀಟರ್ ಉದ್ದದ ಬೋಗಿ, ಪಕ್ಕಕ್ಕೆ ನಾಲ್ಕು ಬಾಗಿಲು. ಕೆಲಸಕ್ಕೆ ಹೋಗುವ ಜನಸಂದಣಿಯನ್ನು ಬೇಗನೆ ಹತ್ತಿಸಿ ಇಳಿಸುವುದೇ ಉದ್ದೇಶ. ದೊಡ್ಡ ಗಾಜು ಸಿಗದ ಕಾಲವಾದುದರಿಂದ ಪ್ರತಿ ಕಿಟಕಿಯನ್ನೂ ಒಂದರ ಮೇಲೊಂದರಂತೆ ಮೂರು ಭಾಗ ಮಾಡಿ, ನಡುವಿನದನ್ನು ಕದಲದಂತೆ ಬಿಗಿದರು. ಆಗ ಅದು ಜಾಣತನವೆಂದೇ ತೋರಿರಬೇಕು.

1951ರ ಏಪ್ರಿಲ್ 24ರಂದು ಯೊಕೊಹಾಮಾದ ಸಕುರಾಗಿಚೊ ನಿಲ್ದಾಣವನ್ನು ಸೇರುತ್ತಿದ್ದ ಇಂಥದೊಂದು ಗಾಡಿಯ ಮೇಲ್ಭಾಗಕ್ಕೆ, ದುರಸ್ತಿಯ ವೇಳೆ ಜೋತುಬಿದ್ದಿದ್ದ ವಿದ್ಯುತ್ ತಂತಿ ಸಿಲುಕಿ ಬೆಂಕಿ ಹತ್ತಿತು. ಗಾಳಿಯ ಒತ್ತಡದಿಂದ ನಡೆಯುವ ಬಾಗಿಲುಗಳು ಮುಚ್ಚಿಯೇ ಇದ್ದುವು. ಕೈಯಿಂದ ತೆರೆಯಲು ಒಂದು ಹಿಡಿಯಿತ್ತು. ಆದರೆ ಅದು ಎಲ್ಲಿದೆಯೆಂಬುದು ಪ್ರಯಾಣಿಕರಿಗೆ ತಿಳಿಯದು. ಕಿಟಕಿಯ ಸಂದಿನಲ್ಲಿ ದೊಡ್ಡವರು ನುಸುಳುವಂತಿರಲಿಲ್ಲ. ಪಕ್ಕದ ಬೋಗಿಯ ಕಡೆಗಿನ ಬಾಗಿಲೋ ಒಳಮುಖವಾಗಿ ತೆರೆಯುವಂಥದು; ಪ್ರಾಣಭಯದಿಂದ ನುಗ್ಗಿದವರ ಭಾರವೇ ಅದನ್ನು ಮುಚ್ಚಿಹಿಡಿಯಿತು. 106 ಮಂದಿ ಮೃತರಾದರು.

ಅನಂತರ ನಡುವಿನ ಗಾಜನ್ನು ಸಡಿಲಿಸಿದರು. ಬೋಗಿಯಿಂದ ಬೋಗಿಗೆ ದಾರಿ ಮಾಡಿದರು. ತುರ್ತಿನ ಹಿಡಿಯಿರುವ ಸ್ಥಳವನ್ನು ಕಾಣುವಂತೆ ಬರೆಯಿಸಿದರು. ತಿದ್ದಿದ ಮೋಟಾರು ಬೋಗಿಗಳಿಗೆ ‘73’ ಎಂಬ ಹೊಸ ಅಂಕೆ ಬಂದಿತು. ನಾಲ್ಕು ಬಾಗಿಲಿನ ನಕ್ಷೆಯನ್ನು ಮಾತ್ರ ಕೈಬಿಡಲಿಲ್ಲ: 1957ರಲ್ಲಿ ಟೋಕಿಯೊದ ಚೂಓ ಮಾರ್ಗಕ್ಕೆ ಬಂದ ಕಿತ್ತಳೆ ಬಣ್ಣದ ಗಾಡಿಗೂ ಅದೇ ಆಧಾರವಾಯಿತು. ಇಂದಿನ ಗಾಡಿಗಳಲ್ಲಿಯೂ ಬಾಗಿಲಿನ ಬಳಿ, ಆ ಹಿಡಿ ಎಲ್ಲಿದೆಯೆಂಬ ಬರಹವಿರುತ್ತದೆ.