ಟೊಳ್ಳು ಸೂಜಿಯ ಕಸೂತಿಗೆ ತಕ್ಕ ಬಟ್ಟೆ ಮತ್ತು ದಾರ

ಗಂಟು ಹಾಕದೆ ಹೊಲಿಗೆಯನ್ನು ಆರಂಭಿಸಬಾರದೆಂದು ನಾವೆಲ್ಲರೂ ಎಳೆಯ ವಯಸ್ಸಿನಲ್ಲಿಯೇ ಕಲಿತವರು. ಪಂಚ್ ನೀಡಲ್ ಎಂಬ ಟೊಳ್ಳು ಸೂಜಿಯ ಕಸೂತಿಯಲ್ಲಾದರೋ ಗಂಟೆಂಬುದೇ ಇಲ್ಲ. ದಾರವು ಸೂಜಿಯ ಹಿಡಿಯೊಳಗಿನಿಂದ ಹರಿದುಬಂದು, ಬಟ್ಟೆಯ ಹಿಂಬದಿಯಿಂದ ಮುಂಬದಿಗೆ ತೂರಿ, ಅಲ್ಲೊಂದು ಪುಟ್ಟ ಕುಣಿಕೆಯಾಗಿ ನಿಲ್ಲುತ್ತದೆ. ಆ ಕುಣಿಕೆಯನ್ನು ಹಿಡಿದಿರುವುದು ಹಾಸುಹೊಕ್ಕುಗಳ ಬಿಗಿಯೊಂದೇ. ಆದಕಾರಣ ಈ ಕೆಲಸದಲ್ಲಿ ಕೈಚಳಕಕ್ಕಿಂತಲೂ ಬಟ್ಟೆಯ ಆಯ್ಕೆಯೇ ಮುಖ್ಯವಾದುದು.

ಇದನ್ನು ನಾವು ಚೆನ್ನಾಗಿ ಅರಿತದ್ದು ಒಬ್ಬ ವಿದ್ಯಾರ್ಥಿನಿಗೆ ನಷ್ಟವುಂಟಾದ ಮೇಲೆ. ಅಗ್ಗವಾಗಿ ದೊರೆತ ಬಿಳಿಯ ಬಟ್ಟೆಯೊಂದು ಕೈಗೆ ಗಟ್ಟಿಯಾಗಿ ತೋರಿದ್ದರಿಂದ ನಾವೇ ಅದನ್ನು ಆರಿಸಿ ತರಗತಿಗೆ ಹಂಚಿದ್ದೆವು. ಎರಡು ತಿಂಗಳು ಕುಳಿತು ಆಕೆಯು ಮುಗಿಸಿದ ದಿಂಬಿನ ಗವಸು ಮೊದಲನೆಯ ಒಗೆತದಲ್ಲಿಯೇ ಸಡಿಲಗೊಂಡು, ಹೂವಿನ ದಳಗಳು ಒಂದೊಂದಾಗಿ ಕಳಚಿಬಂದವು. ಆ ಗಟ್ಟಿತನವೆಲ್ಲ ಗಂಜಿಯದಾಗಿತ್ತು! ಹುಡುಗಿಯು ನಮ್ಮನ್ನು ದೂರಲಿಲ್ಲ. ಅದೇ ನಮಗೆ ಹೆಚ್ಚು ನೋವನ್ನುಂಟುಮಾಡಿತು. ಅಂದಿನಿಂದ ಯಾವ ಬಟ್ಟೆಯನ್ನೇ ಆಗಲಿ, ನೆನೆಸಿ ಒಗೆದು ಒಣಗಿಸಿದ ತರುವಾಯವೇ ಪರೀಕ್ಷಿಸುತ್ತೇವೆ.

ಪರೀಕ್ಷೆಯು ಸುಲಭವಾದುದು. ಬಟ್ಟೆಯನ್ನು ಚೌಕಟ್ಟಿನಲ್ಲಿ ತಮಟೆಯಂತೆ ಬಿಗಿದು, ಒಂದು ಮೂಲೆಯಲ್ಲಿ ಹತ್ತಾರು ಸಲ ಚುಚ್ಚಿ ನೋಡತಕ್ಕದ್ದು. ಸೂಜಿಯು ಎಳೆಗಳನ್ನು ಕಡಿಯದೆ ಪಕ್ಕಕ್ಕೆ ಸರಿಸಿ ಒಳಹೋಗಬೇಕು. ಅದು ಹೊರಬಂದೊಡನೆ ಎಳೆಗಳು ಮತ್ತೆ ಕೂಡಿಕೊಂಡು ದಾರವನ್ನು ಅಪ್ಪಬೇಕು. ತೆಳುವಾದ ಮಲ್ಮಲ್ ಹೀಗೆ ಅಪ್ಪಲಾರದು. ದಪ್ಪನೆಯ ಡ್ರಿಲ್ ಬಟ್ಟೆಯು ಸೂಜಿಗೆ ಎಡೆಗೊಡದು. ಸಣ್ಣ ಸೂಜಿಗೆ ಸಮನಾಗಿಯೂ ಒತ್ತಾಗಿಯೂ ನೆಯ್ದ ಹತ್ತಿಯ ಬಟ್ಟೆ, ಇಲ್ಲವೆ ಹತ್ತಿಗೆ ಪಾಲಿಯೆಸ್ಟರ್ ಬೆರೆತದ್ದು ಉತ್ತಮ. ಉಣ್ಣೆಯ ದಾರವನ್ನು ಒಯ್ಯುವ ದೊಡ್ಡ ಸೂಜಿಗೆ ಎಳೆಗಳನ್ನು ಎರಡೆರಡಾಗಿ ಜೋಡಿಸಿ ನೆಯ್ದ, ಅಂಗುಲಕ್ಕೆ ಸುಮಾರು 12 ರಂಧ್ರಗಳುಳ್ಳ ಮಾಂಕ್ಸ್ ಕ್ಲಾತ್ ಎಂಬುದನ್ನು ಬಳಸುವರು. ನಮ್ಮ ಹೊಲಿಗೆಯ ತರಗತಿಗಳಿಗೆ ಪರಿಚಿತವಾದ ಮ್ಯಾಟಿ ಬಟ್ಟೆಯ ನೇಯ್ಗೆಯೂ ಇದೇ ಬಗೆಯದು; ಅದರ ಒತ್ತು ನಮ್ಮ ಸೂಜಿಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಮೂಲೆಯ ಪರೀಕ್ಷೆಯೇ ಹೇಳುವುದು.

ದಾರದ ವಿಷಯದಲ್ಲಿ ಸೂಜಿಯ ಮಾತನ್ನು ಕೇಳಬೇಕು. ಸಾಮಾನ್ಯವಾದ ಕಸೂತಿ ದಾರದಲ್ಲಿ 6 ಎಳೆಗಳಿರುತ್ತವೆ. ಸೂಜಿಗಳು 1, 3, 6 ಎಳೆಗಳಿಗೆಂದು ಬೇರೆ ಬೇರೆಯಾಗಿ ದೊರೆಯುತ್ತವೆ. ಮೂರೆಳೆಯ ಸೂಜಿಯಲ್ಲಿ ಆರೆಳೆಯನ್ನು ತುರುಕಿದರೆ ದಾರವು ಸಿಕ್ಕಿಕೊಂಡು ಕುಣಿಕೆಯೇ ಏಳದು. ಆರೆಳೆಯ ಸೂಜಿಯಲ್ಲಿ ಒಂದೇ ಎಳೆ ಹಾಕಿದರೆ ಸೂಜಿ ಮಾಡಿದ ರಂಧ್ರವು ದಾರಕ್ಕೆ ದೊಡ್ಡದಾಗಿ ಹಿಡಿತ ತಪ್ಪುವುದು. (ಇಷ್ಟೆಲ್ಲ ಸರಿಯಾಗಿದ್ದರೂ ಕುಣಿಕೆಗಳು ನಿಲ್ಲದಿದ್ದರೆ ದಾರದ ಮೇಲೆ ಮೊಣಕೈ ಊರಿದ್ದೀರೋ ಎಂದು ನೋಡಿಕೊಳ್ಳಿರಿ, ನಮ್ಮ ತರಗತಿಯಲ್ಲಿ ಅರ್ಧ ತಪ್ಪುಗಳು ಅಲ್ಲಿಯವೇ.)

ಬಣ್ಣವನ್ನು ಆರಿಸುವಾಗ ಕೆಂಪಿನ ಬಗ್ಗೆ ಎಚ್ಚರವಿರಲಿ. ದಾರದ ತುಂಡನ್ನು ನೀರಿನಲ್ಲಿ ಅದ್ದಿ, ಬಿಳಿಯ ಬಟ್ಟೆಯ ಮಡಿಕೆಯೊಳಗಿಟ್ಟು ಒತ್ತಿರಿ. ಬಣ್ಣವು ಹತ್ತಿದರೆ ಆ ಲಡಿಯನ್ನು ಎಂದೂ ಒಗೆಯಬೇಕಾಗದ ಗೋಡೆಯ ಚಿತ್ರಕ್ಕೆಂದು ತೆಗೆದಿಡಬಹುದು.